ಮೇಕೆಯನ್ನು ಆಡು ಎಂದು ಓದಿದ ಹುಡುಗಿ

ನಾನು ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ್ದು ಅರವತ್ತು ದಾಟಿದ ಮೇಲೆ. ಅದೂ ಕಲಿಯುವುದಕ್ಕಲ್ಲ, ಅಲ್ಲಿಯ ಮಕ್ಕಳಿಗೆ ಕನ್ನಡ ಬರುತ್ತದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವುದಕ್ಕೆ. ಇದರಲ್ಲಿ ನಗುವಂಥದ್ದೇನಾದರೂ ಇದ್ದರೆ ಮೊದಲು ನಗಬೇಕಾದವಳು ನಾನೇ. ಹುಟ್ಟಿದ್ದು ದಾದರಿನ ಚಾಳಿನಲ್ಲಿ, ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ಕೆಲಸ ಮಾಡಿದ್ದು ಒಂದು ವಿಮಾ ಕಚೇರಿಯಲ್ಲಿ. ಕನ್ನಡ ಬಂದದ್ದು ಅಜ್ಜಿಯ ಬಾಯಿಂದ ಮತ್ತು ತಾತನ ತೋರುಬೆರಳಿನಿಂದ. ಮೈಸೂರು ಕಡೆಯಿಂದ ಬಂದ ಅಜ್ಜಿ ಅಕ್ಕಿ ಆರಿಸುತ್ತಾ ಮಾತಾಡುವಳು, ತಾತ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಏಕಾದಶಿ, ಸಂಕಷ್ಟಿ ಎಂದು ಓದಿಸುವರು. ಅಷ್ಟೇ ನನ್ನ ವಿದ್ಯಾಭ್ಯಾಸ.

ನಿವೃತ್ತಿಯಾದ ಮೇಲೆ ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದು ಕರೆ ಬಂತು. ಮಕ್ಕಳ ಕಲಿಕೆಯ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆಯೊಂದಕ್ಕೆ ಕನ್ನಡ ಬಲ್ಲ ಮೌಲ್ಯಮಾಪಕರು ಬೇಕಂತೆ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ನಾಲ್ಕನೇ ಇಯತ್ತೆಯ, ಎಂದರೆ ನಾಲ್ಕನೇ ತರಗತಿಯ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎದುರಿಗೆ ಕೂರಿಸಿಕೊಂಡು ಒಂದು ಪುಟ ಓದಿಸಬೇಕು. ಯಾರು ಎಷ್ಟು ಓದಬಲ್ಲರು ಎಂದು ನೋಡಿ ಅವರನ್ನು ಗುಂಪು ಮಾಡುತ್ತಾರೆ, ಗುಂಪಿಗೆ ತಕ್ಕ ಹಾಗೆ ಕೆಲವು ತಿಂಗಳು ಪಾಠ ಹೇಳುತ್ತಾರೆ, ಆಮೇಲೆ ಮತ್ತೆ ಓದಿಸಿ ಎಷ್ಟು ಸುಧಾರಿಸಿದರು ಎಂದು ಅಳೆಯುತ್ತಾರೆ. ಕೇಳಿದರೆ ಯಾರಿಗಾದರೂ ಒಳ್ಳೆಯ ಕೆಲಸ ಎನ್ನಿಸುತ್ತದೆ. ನನಗೂ ಅನ್ನಿಸಿತು. ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ತರಬೇತಿಗೆ ಹೋದೆ.

ಮೊದಲ ದಿನವೇ ಒಂದು ಮಾತು ಕಿವಿಗೆ ಚುಚ್ಚಿತು. ಮಕ್ಕಳನ್ನು ಅಲ್ಲಿ ಸ್ಯಾಂಪಲ್ ಎನ್ನುತ್ತಿದ್ದರು. ಇಂಥ ಶಾಲೆಯಲ್ಲಿ ಇಷ್ಟು ಸ್ಯಾಂಪಲ್, ಇಂಥ ವಾರ್ಡಿನಲ್ಲಿ ಸ್ಯಾಂಪಲ್ ಕಡಿಮೆ ಬಿದ್ದಿದೆ, ಹೀಗೆ. ನಮ್ಮ ವಿಮಾ ಕಚೇರಿಯಲ್ಲಿ ಸ್ಯಾಂಪಲ್ ಎಂದರೆ ಜನ ಮುಖ ಆಚೆ ತಿರುಗಿಸಿಕೊಂಡು ತಂದು ಕೊಡುತ್ತಿದ್ದ ಪುಟ್ಟ ಬಾಟಲಿ. ಅದರ ಮೇಲೂ ಸಂಖ್ಯೆ ಅಂಟಿಸುತ್ತಿದ್ದೆವು, ಈ ಮಕ್ಕಳಿಗೂ ಸಂಖ್ಯೆ ಅಂಟಿಸುತ್ತಿದ್ದರು. ಚಹಾದ ಜೊತೆ ಕೊಟ್ಟ ಸಮೋಸವನ್ನು ಆ ದಿನ ಅರ್ಧಕ್ಕೇ ಬಿಟ್ಟೆ. ಪಕ್ಕದವರು ಎಣ್ಣೆ ಹಳೆಯದಿರಬೇಕು ಎಂದರು. ಎಣ್ಣೆ ಚೆನ್ನಾಗಿಯೇ ಇತ್ತು.

ನಿಯಮಗಳಿಗೇ ಒಂದು ದಪ್ಪ ಪುಸ್ತಕವಿತ್ತು. ನಮಗೆ ಬೇಕಾದದ್ದು ಮೂರು ನಾಲ್ಕು. ಮಗುವಿನ ಮುಂದೆ ಕತೆಯ ಹಾಳೆ ಇಡಬೇಕು, ಒಂದು ನಿಮಿಷ ಗಡಿಯಾರ ಒತ್ತಿ ಕೇಳಬೇಕು. ಅಚ್ಚಿನಲ್ಲಿರುವ ಪದವನ್ನು ಇದ್ದ ಹಾಗೆ ಹೇಳಿದರೆ ಸರಿ, ಬೇರೆ ಹೇಳಿದರೆ ತಪ್ಪು. ಮೊದಲ ಸಾಲಿನ ಎಲ್ಲ ಪದಗಳೂ ತಪ್ಪಾದರೆ ಅಲ್ಲಿಗೇ ನಿಲ್ಲಿಸಿ ಸೊನ್ನೆ ಹಾಕಬೇಕು. ಸೊನ್ನೆ ಬಂದ ಮಗುವಿಗೆ ಕತೆಯ ಬಗ್ಗೆ ಪ್ರಶ್ನೆ ಕೇಳುವಂತಿಲ್ಲ. ಓದಲು ಬಾರದವರಿಗೆ ಅರ್ಥ ಎಲ್ಲಿಂದ ಬರಬೇಕು ಎಂಬುದು ಅವರ ಲೆಕ್ಕ. ಒಂದೊಂದು ಮಗುವನ್ನೂ ಇಬ್ಬರು ಮೌಲ್ಯಮಾಪಕರು ಬೇರೆ ಬೇರೆಯಾಗಿ ಅಳೆಯಬೇಕು, ಇಬ್ಬರ ಅಂಕವೂ ಹತ್ತಿರ ಹತ್ತಿರ ಇರಬೇಕು. ಅಷ್ಟೇ.

ನನ್ನ ಜೋಡಿಗೆ ಬಂದವಳು ಬಿಎಡ್ ಓದುತ್ತಿದ್ದ ಹುಡುಗಿ. ಮಂಗಳೂರು ಕಡೆಯವರ ಮಗಳು, ಮನೆಯಲ್ಲಿ ತುಳು, ಹೊರಗೆ ಹಿಂದಿ, ಕನ್ನಡವನ್ನು ಹುಷಾರಾಗಿ ಕಾಲಿಟ್ಟು ದಾಟುವಳು. ಒಳ್ಳೆಯ ಮಗು, ಲೋಕಲ್‌ನಲ್ಲಿ ಜಾಗ ಸಿಕ್ಕಿದರೆ ನನ್ನನ್ನು ಕೂರಿಸಿ ತಾನು ನಿಲ್ಲುವಳು. ಒಂದು ಬೆಳಗ್ಗೆ ಇಬ್ಬರೂ ಮಾಹಿಮ್‌ನಲ್ಲಿ ಇಳಿದು, ಸೇತುವೆ ದಾಟಿ, ಧಾರಾವಿಯ ಒಂದು ಶಾಲೆಗೆ ಹೋದೆವು. ಎರಡನೆಯ ಮಾಳಿಗೆಯ ಒಂದು ಕೋಣೆಯಲ್ಲಿ ಮಾತ್ರ ಕನ್ನಡದ ನಾಲ್ಕನೇ ಇಯತ್ತೆ. ಕಿಟಕಿಯ ಆಚೆ ಯಾರೋ ಡಬ್ಬಗಳನ್ನು ಚಪ್ಪಟೆ ಮಾಡುತ್ತಿದ್ದ ಸದ್ದು.

ಐದನೆಯದಾಗಿ ಬಂದ ಹುಡುಗಿಯೇ ಈ ಕತೆಯವಳು. ಎರಡು ಜಡೆ, ಒಂದಕ್ಕೆ ರಿಬ್ಬನ್ನಿತ್ತು, ಇನ್ನೊಂದಕ್ಕೆ ಇರಲಿಲ್ಲ. ವಿಜಯಪುರದ ಕಡೆಯವರು, ಮನೆಮಂದಿಯೆಲ್ಲ ಪ್ಲಾಸ್ಟಿಕ್ ಆರಿಸುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಾರೆ ಎಂದು ಅವರ ಟೀಚರು ಮೊದಲೇ ಹೇಳಿದ್ದರು. ಹಾಳೆಯಲ್ಲಿ ಕತೆ ಹೀಗಿತ್ತು: ಒಂದು ಊರಿನಲ್ಲಿ ಒಬ್ಬಳು ಅಜ್ಜಿ ಇದ್ದಳು. ಅವಳ ಮನೆಯಲ್ಲಿ ಒಂದು ಮೇಕೆ ಇತ್ತು. ಒಂದು ದಿನ ಮೇಕೆ ಕಾಣಿಸಲಿಲ್ಲ. ಅಜ್ಜಿ ಅಳುತ್ತಾ ಕುಳಿತಳು. ಹೀಗೇ ಮುಂದೆ ಹೋಗಿ, ಮೇಕೆ ಕಟ್ಟಿಗೆಯ ರಾಶಿಯ ಹಿಂದೆ ನಿಂತು ಎಲೆ ತಿನ್ನುತ್ತಿತ್ತು ಎಂದು ಮುಗಿಯುತ್ತದೆ. ಒಟ್ಟು ಐವತ್ತಾರು ಪದ.

ನಾನು ಗಡಿಯಾರ ಒತ್ತಿದೆ. ಹುಡುಗಿ ಹಾಳೆಯನ್ನು ಒಮ್ಮೆ ಕಣ್ಣಲ್ಲೇ ನೆಕ್ಕಿದ ಹಾಗೆ ನೋಡಿ, ಶುರು ಮಾಡಿದಳು.

“ಒಂದ್ ಊರಾಗ ಒಬ್ಬಾಕಿ ಆಯಿ ಇದ್ಲು. ಆಕಿ ಮನ್ಯಾಗ ಒಂದ್ ಆಡ ಇತ್ತು. ಒಂದಿನ ಆಡ ಕಾಣ್ಲಿಲ್ಲ. ಆಯಿ ಅಳಕೋತ ಕುಂತ್ಲು.”

ಬೆರಳು ಅಚ್ಚಿನ ಮೇಲೆ ಓಡುತ್ತಿತ್ತು, ಬಾಯಿ ಅವರ ಮನೆಯ ಮಾತಾಡುತ್ತಿತ್ತು. ಒಂದು ಪದ ಬಿಡಲಿಲ್ಲ, ಎಲ್ಲೂ ತಡವರಿಸಲಿಲ್ಲ. ಕಟ್ಟಿಗೆಯ ರಾಶಿ ಅವಳ ಬಾಯಲ್ಲಿ ಕಟಗಿ ಒಟ್ಟಿಲಾಯಿತು, ಎಲೆ ಹೋಗಿ ತಪ್ಪಲು ಬಂತು. ನಿಮಿಷ ಮುಗಿಯುವ ಮೊದಲೇ ಕತೆ ಮುಗಿಸಿ, ಹಾಳೆಯಿಂದ ತಲೆಯೆತ್ತಿ, “ಅಷ್ಟ್ ಹತ್ರ ನಿಂತಿದ್ರೂ ಆಯಿಗಿ ಕಾಣ್ಸಿಲ್ಲೇನ್ರಿ?” ಎಂದು ನನ್ನನ್ನೇ ಕೇಳಿದಳು.

ಆ ಬೆಳಗ್ಗೆ ಅದಕ್ಕೆ ಮುಂಚೆ ಓದಿದ ನಾಲ್ಕು ಮಕ್ಕಳಲ್ಲಿ ಒಬ್ಬರೂ ಮೇಕೆಯ ಬಗ್ಗೆ ಏನೂ ಕೇಳಿರಲಿಲ್ಲ. ಅದರಲ್ಲೊಬ್ಬ ಐವತ್ತು ಪದ ತಪ್ಪಿಲ್ಲದೆ ಓದಿ, ಮೇಕೆ ಎಂದರೇನು ಎಂದು ಕೇಳಿದರೆ ಊರಿನ ಹೆಸರು ಎಂದಿದ್ದ. ಅವನು ಚೆನ್ನಾಗಿ ಓದುವವರ ಹಸಿರು ಗುಂಪಿಗೆ ಹೋದ.

ನನಗೆ ನಮ್ಮ ತಾತ ನೆನಪಾದರು. ಮಧ್ಯಾಹ್ನ ಪತ್ರಿಕೆ ಹಿಡಿದು ಅಜ್ಜಿಗೆ ಓದಿ ಹೇಳುವಾಗ ಸಂಪಾದಕರ ಒಂದು ಪದವೂ ಅವರ ಬಾಯಿಂದ ಬರುತ್ತಿರಲಿಲ್ಲ. ಸಚಿವರು ವಿಷಾದ ವ್ಯಕ್ತಪಡಿಸಿದ್ದಾರೆ ಎಂದು ಅಚ್ಚಾಗಿದ್ದರೆ, ಮಂತ್ರಿ ಬೇಜಾರು ಮಾಡ್ಕೊಂಡನಂತೆ ಕಣೇ ಎಂದು ಓದುವರು. ನನಗೆ ಎಷ್ಟೋ ವರ್ಷ ಓದುವುದು ಎಂದರೆ ಅದೇ: ಕಣ್ಣು ಪರರದ್ದನ್ನು ತೆಗೆದುಕೊಂಡು ಬಾಯಿ ನಮ್ಮದನ್ನಾಗಿ ಮಾಡಿ ಕೊಡುವುದು. ಅದಕ್ಕೇ ಹುಡುಗಿಯನ್ನು ನಾನು ನಿಲ್ಲಿಸಲಿಲ್ಲ. ಪ್ರಶ್ನೆಗಳನ್ನೂ ಕೇಳಿದೆ. ಐದಕ್ಕೆ ಐದು ಹೇಳಿದಳು, ಕೇಳದೇ ಇದ್ದದ್ದನ್ನೂ ಎರಡು ಸೇರಿಸಿದಳು. ಮನೆಯಲ್ಲಿ ಯಾರಿಗಾದರೂ ಓದಿ ಹೇಳುತ್ತೀಯಾ ಎಂದೆ. ಹೌದಂತೆ. ಊರಿಂದ ಚಿಕ್ಕಪ್ಪ ಫೋನಿನಲ್ಲಿ ಬರೆದು ಕಳಿಸುವುದನ್ನೂ, ಸಾಮಾನು ಕಟ್ಟಿ ಬಂದ ಕನ್ನಡ ಪೇಪರಿನ ತುಂಡುಗಳನ್ನೂ ಆಯಿಗೆ ಓದುತ್ತಾಳೆ. ಇದ್ದ ಹಾಗೆ ಓದಿದರೆ ಆಯಿ ಬೈಯುತ್ತಾಳಂತೆ, ನಮ್ಮ ಮನ್ಯಾಗ ಯಾರ ಹಂಗ ಮಾತಾಡ್ತಾರ ಎಂದು.

ನಾನು ಐವತ್ತಾರಕ್ಕೆ ಐವತ್ತಾರು ಹಾಕಿದೆ. ನನ್ನ ಜೋಡಿ ಸೊನ್ನೆ ಹಾಕಿದಳು. ಇಬ್ಬರ ಅಂಕವೂ ಸೇರಿದ ಕೂಡಲೇ ಅಂಕ ತುಂಬುವ ಟ್ಯಾಬ್, ಹೊಂದುತ್ತಿಲ್ಲವೆಂದು ಕೆಂಪಗಾಯಿತು.

“ಮೊದಲ ಸಾಲಿನಲ್ಲಿ ಒಂದು ಪದ ಸಹ ಪ್ರಿಂಟಲ್ಲಿ ಇದ್ದ ಹಾಗೆ ಹೇಳಲಿಲ್ಲ ಆಂಟಿ,” ಎಂದಳು ಅವಳು, ಅಳು ಬರುವ ಹಾಗೆ. “ಪುಸ್ತಕದಲ್ಲಿ ರೂಲ್ ಹಾಗೆಯೇ ಉಂಟಲ್ಲ. ನಾನೇನು ಮಾಡುವುದು?”

ಅವಳದ್ದು ತಪ್ಪಿರಲಿಲ್ಲ. ಒಂದು ಅಲ್ಲ, ಒಂದ್. ಊರಿನಲ್ಲಿ ಅಲ್ಲ, ಊರಾಗ. ಒಬ್ಬಳು ಅಲ್ಲ, ಒಬ್ಬಾಕಿ. ಅಜ್ಜಿ ಅಲ್ಲ, ಆಯಿ. ಇದ್ದಳು ಅಲ್ಲ, ಇದ್ಲು. ಐದಕ್ಕೆ ಐದೂ ತಪ್ಪು. ನಿಯಮದ ಪ್ರಕಾರ ಹುಡುಗಿ ಎರಡನೆಯ ಸಾಲಿಗೆ ಕಣ್ಣು ಹಾಕಲೂ ಯೋಗ್ಯಳಲ್ಲ.

ಸಂಸ್ಥೆಯ ಸಂಯೋಜಕನಿಗೆ ಫೋನು ಮಾಡಿದೆ. ಉತ್ತರದ ಯಾವುದೋ ಊರಿನ ಹುಡುಗ, ಕನ್ನಡದ ಒಂದಕ್ಷರ ಗೊತ್ತಿಲ್ಲ, ನಡತೆ ಮಾತ್ರ ಬೆಣ್ಣೆ. ನನ್ನ ವಿವರಣೆಯನ್ನೆಲ್ಲ ಹಿಂದಿಯಲ್ಲಿ ತಾಳ್ಮೆಯಿಂದ ಕೇಳಿದ. ಭಾವನೆ ಅರ್ಥವಾಗುತ್ತದೆ ಎಂದ. ಒಬ್ಬಳಿಗೆ ಸಡಿಲ ಮಾಡಿದರೆ ಡೇಟಾ ಹಾಳಾಗುತ್ತದೆ, ಮಿಕ್ಕ ಭಾಷೆಗಳ ಮಕ್ಕಳ ಜೊತೆ ಹೋಲಿಸಲು ಬರುವುದಿಲ್ಲ ಎಂದ. ಅಂಕ ಹೊಂದಿಸದಿದ್ದರೆ ಆ ಶಾಲೆಯ ಅಷ್ಟೂ ಮಕ್ಕಳ ಹಾಳೆ ವಾಪಸ್ಸು ಬರುತ್ತದೆ, ಎಲ್ಲರನ್ನೂ ಮತ್ತೆ ಕೂರಿಸಬೇಕಾಗುತ್ತದೆ ಎಂದೂ ಸೇರಿಸಿದ. ಕೊನೆಗೆ, “ಆಂಟಿ, ಬಚ್ಚೀ ಕೋ ಫಾಯ್ದಾ ಹೀ ಹೋಗಾ,” ಎಂದ. ಹುಡುಗಿಗೆ ಲಾಭವೇ ಅಂತೆ, ಮೊದಲಿಂದ ಕಲಿಸುತ್ತಾರಲ್ಲ.

ಬಾಗಿಲಲ್ಲಿ ಇನ್ನೂ ಹನ್ನೆರಡು ಮಕ್ಕಳು ಸಾಲಾಗಿ ನಿಂತಿದ್ದರು. ನನ್ನ ಜೋಡಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಐವತ್ತಾರನ್ನು ಅಳಿಸಿ ಸೊನ್ನೆ ಒತ್ತಿದೆ. ಟ್ಯಾಬ್ ಹಸಿರಾಯಿತು. ಪ್ರಶ್ನೆಗಳ ಐದು ಉತ್ತರಗಳು ತಾವಾಗಿಯೇ ಮಾಯವಾದವು. ಕೆಳಗೆ ಸಹಿ ಮಾಡಿ ಎಂದಿತು, ಬೆರಳಿನಿಂದ ಸಹಿ ಎಳೆದೆ. ಸಹಿ ದುಂಡಗೆ ಬಂತು.

ಎರಡು ವಾರದ ಮೇಲೆ ಗುಂಪುಗಳು ಹೇಗೆ ನಡೆಯುತ್ತಿವೆ ಎಂದು ನೋಡಿ ಬರಲು ಅದೇ ಶಾಲೆಗೆ ಕಳಿಸಿದರು. ಸೊನ್ನೆಯವರ ಗುಂಪು ಮೆಟ್ಟಿಲ ಕೆಳಗಿನ ಜಾಗದಲ್ಲಿ ಕೂತಿತ್ತು. ಸೊನ್ನೆ ಬಂದವರನ್ನು ಎರಡನೇ ಇಯತ್ತೆಯ ಅಕ್ಷರಪಾಠಕ್ಕೇ ಸೇರಿಸಿದ್ದರಂತೆ: ಚಿಕ್ಕವರು ಏಳೆಂಟು ಜನ, ಅವರ ನಡುವೆ ಒಂದು ತಲೆ ಎತ್ತರವಾಗಿ ಈ ಹುಡುಗಿ. ಮುಂದೆ ಮರಳಿನ ತಟ್ಟೆ. ಅದರಲ್ಲಿ ಬೆರಳಿನಿಂದ ಅ ಬರೆದು, ಅಳಿಸಿ, ಮತ್ತೆ ಅ ಬರೆಯುತ್ತಿದ್ದಳು. ನನ್ನನ್ನು ನೋಡಿದಳು, ನಗಲಿಲ್ಲ. ನಾನು ಬಾಣಂತಿಯರ ವಾರ್ಡು ನೋಡಿದವಳು, ಧಾರಾವಿಯ ಚರ್ಮದ ಗೋದಾಮಿನ ಮುಂದೆ ಮೂಗು ಮುಚ್ಚದೆ ನಡೆದವಳು. ಯಾವ ವಾಸನೆಯೂ ಇಲ್ಲದ ಆ ಶುಭ್ರವಾದ ಮರಳಿನ ತಟ್ಟೆಯ ಮುಂದೆ ಮೂಗಿಗೆ ಸೆರಗು ಹಿಡಿದೆ.

ಟೀಚರನ್ನು ಹುಡುಕಿಕೊಂಡು ಹೋಗಿ, ಈ ಹುಡುಗಿಗೆ ಓದಲು ಬರುತ್ತದೆ, ಮೇಲಿನ ಗುಂಪಿಗೆ ಹಾಕಿ ಎಂದೆ. ಟೀಚರೂ ಆ ಕಡೆಯವರೇ. ಹಾಜರಿ ಪುಸ್ತಕದಿಂದ ತಲೆಯೆತ್ತದೆ ಹೇಳಿದರು: “ಆಕಿಗಿ ಓದಾಕ ಬರ್ತೈತಿ ಅಂತ ನನಗ ಗೊತ್ತಿಲ್ಲೇನ್ರಿ ಬಾಯಾರ? ಮ್ಯಾಲಿಂದ ಬಂದ ಲಿಸ್ಟ್ ಅದು. ನಿಮ್ಮ ಸಹಿನ ಐತಿ ಅದರಾಗ.”

ಸುಮ್ಮನೆ ಇರಲಿಲ್ಲ, ಅಷ್ಟು ಮಟ್ಟಿಗೆ ಹೇಳಿಕೊಳ್ಳಬಲ್ಲೆ. ಗೋರೆಗಾಂವ್‌ನ ಸಂಸ್ಥೆಯ ಕಚೇರಿಗೆ ಹೋದೆ, ಕಾಗದ ಬರೆದು ಕೊಟ್ಟೆ. ಕನ್ನಡ ಮಾಧ್ಯಮದಲ್ಲಿ ಕೂತ ಮಕ್ಕಳೆಲ್ಲ ಒಂದೇ ಕನ್ನಡದ ಮನೆಯಿಂದ ಬರುವುದಿಲ್ಲ, ಮೇಕೆಯನ್ನು ಆಡು ಎಂದು ಓದುವವರಿಗೆ ಮೇಕೆಯೂ ಗೊತ್ತು ಆಡೂ ಗೊತ್ತು ಎಂದು ಬರೆದೆ. ತುಂಬ ಮುಖ್ಯವಾದ ಅಂಶ ಎಂದರು. ಮುಂದಿನ ಅಧ್ಯಯನದಲ್ಲಿ ಇದನ್ನೂ ಒಂದು ವಿಷಯವಾಗಿ ಸೇರಿಸಬಹುದು ಎಂದರು. ಹುಡುಗಿಯನ್ನು ಮೆಟ್ಟಿಲ ಕೆಳಗಿಂದ ಎಬ್ಬಿಸಿ ಎಂದರೆ, ಮಧ್ಯದಲ್ಲಿ ಗುಂಪು ಬದಲಾಯಿಸಿದರೆ ಪಾಠದ ಪರಿಣಾಮ ತಿಳಿಯುವುದಿಲ್ಲ ಎಂದರು. ಎಲ್ಲದಕ್ಕೂ ಅವರ ಹತ್ತಿರ ಒಂದು ಮೃದುವಾದ ಉತ್ತರವಿತ್ತು. ಅಷ್ಟು ಮೃದುವಾದ ಜನರ ನಡುವೆ ಕೂತಾಗ ಏನೋ ಜಿಡ್ಡು ಕೈಗೆ ಹತ್ತಿದ ಹಾಗಾಗುತ್ತದೆ. ಮನೆಗೆ ಬಂದು ಕೈ ತೊಳೆದುಕೊಂಡೆ. ಆದರೂ ಕೆಲಸ ಬಿಡಲಿಲ್ಲ. ಕೊನೆಯ ಸುತ್ತಿನಲ್ಲಿ ನಾನೇ ಅವಳ ಎದುರು ಕೂತು ಸರಿಯಾದ ಅಂಕ ಹಾಕುತ್ತೇನೆ ಎಂದು ಸಮಾಧಾನ ಹೇಳಿಕೊಂಡೆ.

ಕೊನೆಯ ಸುತ್ತು ಚಳಿಗಾಲದಲ್ಲಿ ಬಂತು. ಹುಡುಗಿ ಎದುರು ಕೂತಳು. ಈ ಸಲ ಎರಡು ಜಡೆಗೂ ರಿಬ್ಬನ್ನು. ಅದೇ ಹಾಳೆ, ಅದೇ ಅಜ್ಜಿ, ಅದೇ ಮೇಕೆ. ನಾನು ಮೆಲ್ಲಗೆ, ನಿನಗೆ ಹೇಗೆ ಬೇಕೋ ಹಾಗೆ ಓದು ಎಂದೆ. ಅವಳು ನನ್ನ ಕೈಯ ಗಡಿಯಾರ ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಓದಿದಳು. ಒಂದು. ಊರಿನಲ್ಲಿ. ಒಬ್ಬಳು. ಅಜ್ಜಿ. ಇದ್ದಳು. ಪದಕ್ಕೊಂದು ಮೊಳೆ ಹೊಡೆದ ಹಾಗೆ. ಐವತ್ತಾರಕ್ಕೆ ಐವತ್ತಾರು. ಮುಖದಲ್ಲಿ ಅಜ್ಜಿಯೂ ಇರಲಿಲ್ಲ, ಮೇಕೆಯೂ ಇರಲಿಲ್ಲ. ಮೇಕೆ ಎಲ್ಲಿತ್ತು ಎಂದು ಕೇಳಿದೆ. ಯೋಚಿಸಿ, ಹಾಳೆಯ ಕಡೆ ಕೈ ಚಾಚಿದಳು, ಮತ್ತೆ ಓದಿ ಹೇಳಲೇ ಎನ್ನುವಂತೆ.

ನಾವಿಬ್ಬರೂ ಒಂದೇ ಅಂಕ ಹಾಕಿದೆವು. ಟ್ಯಾಬ್ ಹಸಿರಾಯಿತು.

ಒಂದು ವಾರ ಕಳೆದಿತ್ತು. ಸಂಯೋಜಕನ ಫೋನು ಬಂತು, ದನಿಯಲ್ಲಿ ಹಬ್ಬ. ಸೊನ್ನೆಯಿಂದ ಪೂರ್ತಿ ಅಂಕಕ್ಕೆ ಏರಿದ ಮಗು ಇಡೀ ಅಧ್ಯಯನದಲ್ಲಿ ಇವಳೊಬ್ಬಳೇ ಅಂತೆ. ವರದಿಯ ಮೊದಲ ಪುಟಕ್ಕೆ ಅವಳ ಫೋಟೊ ಬೇಕು, ಅದಕ್ಕೆ ಮನೆಯವರ ಒಪ್ಪಿಗೆ ಬೇಕು, ಭಾಷೆ ಬರುವವರು ನೀವೇ ಹೋಗಿ ಬನ್ನಿ ಎಂದ. ಒಪ್ಪಿಗೆಯ ಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ್ದರು. ಬೇಡವೆನ್ನಲು ಬಾಯಿ ತೆರೆದವಳು, ಹುಡುಗಿಯ ಮನೆ ನೋಡಬಹುದಲ್ಲ ಎಂದುಕೊಂಡು ಹೂಂ ಎಂದೆ.

ಶಾಲೆ ಬಿಡುವ ಹೊತ್ತಿಗೆ ಟೀಚರು ದಾರಿ ತೋರಿಸಿದರು. ನೀಲಿ ಡ್ರಮ್ಮುಗಳ ಓಣಿಯಲ್ಲಿ, ಏಣಿ ಹತ್ತಿ ಹೋಗುವ ಕೋಣೆ. ಆಯಿ ಕೆಳಗೆ ಕಟ್ಟೆಯ ಮೇಲೆ ಕೂತು ಬಾಟಲಿಗಳ ಮುಚ್ಚಳಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ಕೆಂಪು ಇತ್ತ, ನೀಲಿ ಅತ್ತ. ನನಗೆ ಮಣೆ ಹಾಕಿ ಚಹಾ ತರಿಸಿದಳು. ಯಾಕೆ ಬಂದೆನೆಂದು ಹೇಳಿದೆ. ಆಯಿ ಪತ್ರವನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಮೊಮ್ಮಗಳಿಗೆ ಕೊಟ್ಟು ಓದು ಎಂದಳು.

ಹುಡುಗಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ಕೆಳಗೆ. ಸಹಿ. ಮಾಡಿರುವ. ಪಾಲಕರಾದ. ನಾವು.

“ಅಯ್, ಇದೇನ ಓದಾಕತ್ತಿ?” ಎಂದಳು ಆಯಿ. “ಟೇಸನ್ನಿನಾಗ ಗಾಡಿ ಒದರಿದಂಗ. ತಿಳಿಯಂಗ ಓದ.”

ಹುಡುಗಿ ಆಯಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ಮೊದ್ಲ ಹಂಗ ಓದಿದ್ದಕ್ಕ ಇವ್ರು ನನ್ನ ಸಣ್ಣವ್ರ ಸಂಗಾಟ ಕುಂಡ್ರಿಸಿದ್ರು,” ಎಂದಳು. ಸಿಟ್ಟೇನೂ ಇರಲಿಲ್ಲ ಆ ಮಾತಿನಲ್ಲಿ, ಬಸ್ಸಿನ ನಂಬರು ಹೇಳಿದ ಹಾಗಿತ್ತು.

ಆಯಿ ಮುಚ್ಚಳ ಆರಿಸುವ ಕೈ ನಿಲ್ಲಿಸಿದಳು. ನಾನು ಪತ್ರ ತೆಗೆದುಕೊಂಡು, ನನ್ನ ಮೈಸೂರು ಕನ್ನಡದಲ್ಲಿ, ನಿಧಾನವಾಗಿ, ಅರ್ಥವಾಗುವ ಹಾಗೆ ಹೇಳಿದೆ. ನಿಮ್ಮ ಮೊಮ್ಮಗಳಿಗೆ ವರ್ಷದ ಶುರುವಿನಲ್ಲಿ ಓದಲು ಬರುತ್ತಿರಲಿಲ್ಲ, ಈ ಸಂಸ್ಥೆಯ ಪಾಠದಿಂದ ಈಗ ಚೆನ್ನಾಗಿ ಓದುತ್ತಾಳೆ, ಅದನ್ನು ಫೋಟೊ ಸಮೇತ ನಾಲ್ಕು ಜನಕ್ಕೆ ತಿಳಿಸಲು ನಿಮ್ಮ ಒಪ್ಪಿಗೆ ಇದೆ ಎಂದು ಬರೆದಿದೆ ಎಂದೆ. ಹೆಬ್ಬೆಟ್ಟಿನ ಶಾಯಿಯ ಡಬ್ಬಿ ನನ್ನ ಚೀಲದಲ್ಲೇ ಇತ್ತು. ತೆಗೆಯಲಿಲ್ಲ.

“ಓದಾಕ ಬರ್ತಿದ್ದಿಲ್ಲ ಅಂತ ಯಾರ ಹೇಳ್ಯಾರ?” ಎಂದು ಆಯಿ ಕೇಳಿದಳು.

ನಾನು ಹೇಳಿದ್ದೆ ಎಂದೆ.

ಆಯಿ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. “ಎರಡ ವರ್ಷಾತು, ಊರಿನ ಸುದ್ದಿ ಎಲ್ಲಾ ಇಕಿನ ನನಗ ಓದಿ ಹೇಳಾಕಿ,” ಎಂದಳು. “ನನ್ನ ತಮ್ಮ ಸತ್ತದ್ದೂ ಇಕಿನ ಓದಿ ಹೇಳಿದ್ಲು. ನಾ ಅಕ್ಷರ ಕಲ್ತಿಲ್ಲವ್ವ, ಖರೆ. ಆದ್ರ ಸುಳ್ಳ ಬರ್ದದ್ದಕ್ಕ ಹೆಬ್ಬಟ್ಟ ಒತ್ತಂಗಿಲ್ಲ. ಚಾ ಕುಡೀರಿ, ಆರತೈತಿ.”

ಚಹಾ ಕುಡಿದೆ. ಹುಡುಗಿ ಅಷ್ಟರಲ್ಲಿ ಪಾಟಿಚೀಲ ಏಣಿಯ ಮೇಲಿಟ್ಟು, ಆಯಿಯ ಪಕ್ಕ ಕೂತು ಮುಚ್ಚಳ ಆರಿಸತೊಡಗಿದ್ದಳು. ಆಯಿ ಅವಳ ಜಡೆ ಎಳೆದು, ಇವತ್ತಿಂದ ನನಗೆ ಮೊದಲಿನ ಹಾಗೇ ಓದಬೇಕು, ಸಾಲ್ಯಾಗ ಅವರು ಹೇಳಿದಂಗ ಓದಿಕೋ ಎಂದಳು. ಹುಡುಗಿ ಒಂದು ಕೆಂಪು ಮುಚ್ಚಳ ಆರಿಸಿ ಇತ್ತ ಹಾಕಿದಳು.

ಮಾರನೆಯ ದಿನ ಕಚೇರಿಗೆ ಹೋಗಿ ಹೆಬ್ಬೆಟ್ಟು ಬೀಳದ ಪತ್ರವನ್ನು ಮೇಜಿನ ಮೇಲಿಟ್ಟೆ. ಸಂಯೋಜಕ ಬೇಸರಪಟ್ಟುಕೊಳ್ಳಲಿಲ್ಲ. ಪರವಾಗಿಲ್ಲ ಆಂಟಿ, ಬೇರೆ ಯಾವುದಾದರೂ ಮಗುವಿನ ಫೋಟೊ ಹಾಕಿ ಇವಳ ಅಂಕ ಹಾಕಿದರಾಯಿತು, ಹೇಗೂ ಹೆಸರಿರುವುದಿಲ್ಲ ಎಂದ. ಹಾಗಾದರೆ ಮೊದಲ ಸುತ್ತಿನಲ್ಲಿ ನಾನು ಹಾಕಿದ ಅಂಕ ಸುಳ್ಳು, ಅದನ್ನು ತೆಗೆಯಿರಿ, ನನ್ನ ಸಹಿಯನ್ನಾದರೂ ತೆಗೆಯಿರಿ ಎಂದೆ. ಅವನು ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದ. ಎಲ್ಲ ಬೀಗ ಹಾಕಿಯಾಗಿದೆ, ಈಗ ಅವನ ಕೈಯಲ್ಲೂ ಇಲ್ಲವಂತೆ. ಅಲ್ಲಿ ಹುಡುಗಿಯ ಸಂಖ್ಯೆಯ ಮುಂದೆ ಸೊನ್ನೆ ಇತ್ತು, ಅದರ ಕೆಳಗೆ ನನ್ನ ದುಂಡನೆಯ ಸಹಿ.

ಗುರುತಿನ ಚೀಟಿ ಬಿಚ್ಚಿ ಕೊಟ್ಟು ಹೊರಗೆ ಬಂದೆ. ಅವರ ವರದಿ ಆಮೇಲೆ ಅಚ್ಚಾಯಿತು ಎಂದು ಕೇಳಿದ್ದೇನೆ, ಓದಿಲ್ಲ.